ಮಾವನ ವ್ಯಾನಿಗೆ ಒಪ್ಪುವ ಕಟ್ಟಿಗೆ

ಮೊನ್ನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಆಟೋ ಇಳಿಯುತ್ತಿದ್ದಂತೆ ಆಗತಾನೇ ಕೊಯ್ದ ಸಾಗವಾನಿಯ ವಾಸನೆ ಮೂಗಿಗೆ ಬಡಿಯಿತು. ಬಡಗಿಯೊಬ್ಬ ಯಾರದೋ ಮನೆಗೆ ಬಾಗಿಲು ಮಾಡುತ್ತಿದ್ದ. ನಿಮಗೆ ಈ ವಾಸನೆ ಹಿತವೆನಿಸಬಹುದು. ನನಗೆ ಮಾತ್ರ ಅದು ಆಗಿಬರುವುದಿಲ್ಲ. ಮಾವನ ವ್ಯಾನು ನೆನಪಾಯಿತೆಂದರೆ ಆ ದಿನ ಯಾವ ಕೆಲಸವೂ ಕೈಗೆ ಹತ್ತುವುದಿಲ್ಲ.

ಮಾವ ಎಂದರೆ ಅವ್ವನ ತಮ್ಮ. ಹರೆಯದಲ್ಲಿ ಹೊಸಪೇಟೆಯಲ್ಲಿ ಬಾಡಿಗೆ ವ್ಯಾನು ಓಡಿಸುತ್ತಿದ್ದ. ಒಳಗೆ ಕಟ್ಟಿಗೆಯ ಚೌಕಟ್ಟು, ಹೊರಗೆ ತಗಡಿನ ಹೊದಿಕೆ. ಅಂಥ ಗಾಡಿಗಳನ್ನು ಈಗ ನೀವು ನೋಡಿರಲಿಕ್ಕಿಲ್ಲ. ಮದುವೆಯಾಗಿ ಅತ್ತೆಯನ್ನು ಅವಳ ತವರೂರು ಮೆಟ್ರಿಯಿಂದ ಕರೆತಂದದ್ದೂ ಅದರಲ್ಲೇ. ಬರಬರುತ್ತಾ ಗೆದ್ದಲು ಹಿಡಿದು ಚೌಕಟ್ಟು ಹಿಟ್ಟಾಯಿತು, ತಗಡು ಜೋತುಬಿತ್ತು. ಇಂಜಿನ್ ಮಾತ್ರ ಗಟ್ಟಿಮುಟ್ಟಾಗಿತ್ತು. ಅತ್ತೆ ಒಂದು ದಿನ ಚಹಾ ಕೊಡುತ್ತಾ, "ಅದನ್ನ ರಿಪೇರಿ ಮಾಡಸ್ರಿ. ಒಮ್ಮೆ ಅದರಾಗ ಕುಂತು ತವರಿಗೆ ಹೋಗಿ ಬರೂಣು," ಎಂದಳು. ಬಂಗಾರ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ, ಕೇಳಿದ್ದು ಅದೊಂದೇ.

ಕೇಳಿದ್ದೇ ತಡ, ಮಾವ ಕಟ್ಟಿಗೆ ಹುಡುಕಲು ಹೊರಟ. ಹಿಂದೆ ನಾನು, ತಲೆಯಾಡಿಸಲು. ಅಯ್ಯೋ, ಆ ಹುಡುಕಾಟ! ಸಂಡೂರಿನಲ್ಲಿ ನೋಡಿದ ತೊಲೆಗೆ ಗಂಟು ಜಾಸ್ತಿಯಾಯಿತು. ಕಂಪ್ಲಿಯಲ್ಲಿ ಕೆಡವಿದ ಹಳೇ ಮನೆಯ ಸಾಗವಾನಿ ಕಲ್ಲಿನಂತಿತ್ತು, ನಾನು ಕುಣಿದಾಡಿದೆ. ಮಾವ, "ಬ್ಯಾಡ. ಒಬ್ಬರ ಹೊಸ್ತಲ ಕಿತ್ತು ಗಾಡಿಗೆ ಹಾಕಬಾರದು," ಎಂದವನು ಹೊರಳಿಯೂ ನೋಡಲಿಲ್ಲ. ಮರ ಕೊಯ್ಯುವ ಸಾಮಿಲ್ಲುಗಳಲ್ಲಂತೂ ಅವನದು ಒಂದೇ ಪ್ರಶ್ನೆ.

"ಇದನ್ನ ಅಮಾಸಿ ಮುಂದ ಕಡದಾರೇನು, ಹುಣ್ಣಿಮಿ ಮುಂದೇನು?"

ಹುಣ್ಣಿಮೆಯ ಹತ್ತಿರ ಕಡಿದ ಮರಕ್ಕೆ ಬೇಗ ಹುಳ ಬೀಳುತ್ತದೆ ಎಂಬುದು ನಮ್ಮ ಕಡೆಯ ಹಿರಿಯರ ನಂಬಿಕೆ. ಸಾಮಿಲ್ಲಿನವನು ನಮ್ಮಿಬ್ಬರ ಮುಖ ನೋಡಿದ. "ಯಜಮಾನ್ರ, ಲಾರ್ಯಾಗ ಬಂದೈತ್ರಿ. ಮರ ನನಗೇನು ಹೇಳಿ ಬರತೈತೇನ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಮಾವ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಕೊನೆಗೆ ಮೆಟ್ರಿಯ ನೆಂಟರ ಹೊಲದ ಬದುವಿನಲ್ಲಿದ್ದ ಜಾಲಿಮರವನ್ನು, ಅಮಾವಾಸ್ಯೆ ನೋಡಿಕೊಂಡು, ತಾನೇ ಎದುರು ನಿಂತು ಕಡಿಸಿದ. ಹುಳ ಹಿಡಿಯದಿರಲೆಂದು ನೀರಿನಲ್ಲಿ ನೆನೆಹಾಕಿಸಿದ. ಆಮೇಲೆ ನೆರಳಲ್ಲಿ ಆರಲು ಇಟ್ಟ. ಅತ್ತೆ ಕೇಳಿದಾಗಲೆಲ್ಲ, "ಹಸಿ ಐತಿ, ಇನ್ನೊಂದು ಬ್ಯಾಸಗಿ ಕಳೀಲಿ," ಎನ್ನುತ್ತಿದ್ದ. ನಾನೂ ದೊಡ್ಡ ಮನುಷ್ಯನ ಹಾಗೆ ಹೂಂಗುಟ್ಟುತ್ತಿದ್ದೆ. ಕಟ್ಟಿಗೆಯ ಗಂಧಗಾಳಿಯೂ ನನಗೆ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಬೇಸಿಗೆಗಳು ಒಂದರ ಹಿಂದೊಂದು ಕಳೆದವು.

ವ್ಯಾನು ಸಿದ್ಧವಾದ ದಿನ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದೆವು. ಅತ್ತೆ ಹೊಸ ಸೀರೆ ಉಟ್ಟು ಬಂದಳು. ಅಷ್ಟರಲ್ಲಿ ಅವಳ ಮೊಣಕಾಲುಗಳು ಪೂರಾ ಸೋತಿದ್ದವು. ಮೆಟ್ಟಿಲ ಮೇಲೆ ಕಾಲಿಟ್ಟಳು, ಮೇಲೇರಲಾಗಲಿಲ್ಲ. ನಾವಿಬ್ಬರೂ ಎತ್ತಲು ಹೋದರೆ ಕೈ ಕೊಡವಿದಳು.

"ಬಿಡ್ರಿ. ಅವತ್ತು ನಾನಾ ಹತ್ತಿದ್ದೆ. ಇವತ್ತು ಮೂಟಿ ಎತ್ತಿ ಹಾಕಿದಂಗ ಹಾಕಬ್ಯಾಡ್ರಿ."

"ತಡಿ, ಕೆಳಗ ಇನ್ನೊಂದು ಮೆಟ್ಲ ಮಾಡಸ್ತೀನಿ," ಎಂದ ಮಾವ.

"ಅದಕ್ಕ ಮತ್ತ ಯಾವ ಅಮಾಸಿ ಕಾಯ್ತೀರಿ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಹೇಳಿ ನಕ್ಕುಬಿಟ್ಟಿದ್ದಳು. ಮಾವನಿಗೆ ಮುಖ ಎತ್ತಲಾಗಲಿಲ್ಲ. ಮೆಟ್ಟಿಲು ಸಿದ್ಧವಾಗುವ ಮೊದಲೇ ಅತ್ತೆ ಹಾಸಿಗೆ ಹಿಡಿದಳು. ಹೋದ ವರ್ಷ ತೀರಿಕೊಂಡಳು. ಅಂದಿನಿಂದ ವ್ಯಾನಿನ ಮೇಲೆ ಹೊದಿಸಿದ ತಾಡಪಾಲನ್ನು ಮಾವ ತೆಗೆದಿರಲಿಲ್ಲ. ಅದರ ಸುದ್ದಿ ಎತ್ತಲು ನನಗೂ ಬಾಯಿ ಬರುತ್ತಿರಲಿಲ್ಲ.

ಮೊನ್ನೆ ಏನಾಯಿತೋ, ಬಡಗಿಯ ಅಂಗಡಿ ದಾಟಿ ನೆಟ್ಟಗೆ ಮಾವನ ಮನೆಗೆ ಹೋದೆ. "ಮಾವ, ಮೆಟ್ರಿಗೆ ಹೋಗೂಣು ನಡಿ," ಎಂದೆ. ಬೈಯುತ್ತಾನೆಂದುಕೊಂಡೆ. ಅವನು ಎದ್ದು ಹೋಗಿ ತಾಡಪಾಲು ಎಳೆದು, "ಹತ್ತಲೇ," ಎಂದ.

ಇಬ್ಬರೇ ಹೊರಟೆವು. ನಮ್ಮ ಕಡೆಯ ರಸ್ತೆಗಳು ನಿಮಗೆ ಗೊತ್ತೇ ಇವೆ. ಅಷ್ಟು ಕುಲುಕಾಟಕ್ಕೂ ಚೌಕಟ್ಟು ಒಂದು ಕಡೆಯೂ ಕಿರ್ ಎನ್ನಲಿಲ್ಲ. ಕಟ್ಟಿಗೆ ಅಷ್ಟು ಚೆನ್ನಾಗಿ ಆರಿತ್ತು. ಮಾವ ಮಾತ್ರ ಮೆಟ್ರಿ ಬರುವವರೆಗೂ ಅಳುತ್ತಲೇ ಗಾಡಿ ಓಡಿಸಿದ.