ಮೆಟ್ಟಿಲೇರಿದ ಸೀಸದ ಸೈನಿಕರು

ಕೊಪ್ಪದಿಂದ ಶೃಂಗೇರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಡುವೆ ಎಲ್ಲಾದರೂ ದನ ಅಡ್ಡ ಮಲಗಿದ್ದರೆ ಇನ್ನು ಹತ್ತು ನಿಮಿಷ ಹೆಚ್ಚು. ಹನ್ನೊಂದು ನವರಾತ್ರಿಗಳಲ್ಲಿ ಒಮ್ಮೆಯೂ ನನ್ನ ಹೆಂಡತಿ ಆ ಒಂದು ಗಂಟೆಯ ದಾರಿ ದಾಟಿ ತವರಿಗೆ ಹೋಗಲಿಲ್ಲ. ಹೋಗಲು ನಾನು ಬಿಡಲಿಲ್ಲ ಎಂದು ಬರೆದರೆ ಬಾಗಿಲಿಗೆ ಬೀಗ ಜಡಿದು ಕೂತ ಗಂಡನ ಹಾಗೆ ಕಾಣುತ್ತೇನೆ. ನಾನು ಅಂಥವನಲ್ಲ. ಆಟಿಕೆ ಸೈನಿಕರನ್ನು ಸಂಗ್ರಹಿಸಿದೆ, ಅಷ್ಟೇ.

ನನ್ನದು ಪೇಟೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ. ಈಗ ರಿಪೇರಿ ಅಂದರೆ ಸೆಲ್ ಹಾಕುವುದು, ಬೆಲ್ಟ್ ಬದಲಿಸುವುದು. ಚಿಮುಟ, ಭೂತಗನ್ನಡಿ, ಕೂದಲೆಳೆಯಂಥ ಬ್ರಷ್ಷುಗಳು ಕೆಲಸವಿಲ್ಲದೆ ಡ್ರಾಯರಿನಲ್ಲಿ ಬಿದ್ದಿರುತ್ತವೆ. ಬಹಳ ವರ್ಷಗಳ ಹಿಂದೆ ನರಸಿಂಹರಾಜಪುರದ ಹತ್ತಿರ ಒಂದು ಎಸ್ಟೇಟಿನ ಹಳೆಯ ಬಂಗಲೆ ಖಾಲಿ ಮಾಡುತ್ತಿದ್ದರು. ಅಲ್ಲಿನ ಗೋಡೆ ಗಡಿಯಾರ ಬಿಚ್ಚಿ ಕೊಡಲು ನನ್ನನ್ನು ಕರೆಸಿದ್ದರು. ಕೆಲಸ ಮುಗಿದ ಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಂದನ್ನು ನನ್ನ ಕೈಗಿಟ್ಟು, "ಇದನ್ನೂ ತಗೊಂಡು ಹೋಗಿ ಮಾರಾಯ್ರೆ, ಗುಜರಿಗೆ ಹಾಕೋದೇ ಇದ್ದಿದ್ದು" ಅಂದರು.

ಒಳಗೆ ಸೀಸದ ಸೈನಿಕರು. ಕೆಂಪು ಕೋಟು, ಕರಿ ಟೋಪಿ, ಹೆಬ್ಬೆರಳಿನಷ್ಟು ಎತ್ತರ. ಏಳು ಜನರ ತಲೆ ಮುರಿದು ಡಬ್ಬಿಯ ತಳದಲ್ಲಿ ಉರುಳಾಡುತ್ತಿತ್ತು. ಆ ತಲೆಗಳನ್ನು ಬೆಂಕಿಕಡ್ಡಿಯ ತುಂಡು ಸೇರಿಸಿ ಕೂರಿಸಲು ನನಗೆ ಒಂದು ತಿಂಗಳು ಹಿಡಿಯಿತು. ಕೊನೆಯ ತಲೆ ಕೂತಾಗ ಎದೆಯಲ್ಲಿ ಆದ ಸಂತೋಷವನ್ನು ಇಷ್ಟು ವರ್ಷಗಳಲ್ಲಿ ಯಾವ ಗಡಿಯಾರವೂ ನನಗೆ ಕೊಟ್ಟಿರಲಿಲ್ಲ. ಅಲ್ಲಿಗೆ ಹುಚ್ಚು ಹತ್ತಿತು. ಮೊಬೈಲಿನಲ್ಲಿ ಹುಡುಕಿ ಎಲ್ಲೆಲ್ಲಿಂದಲೋ ಹಳೆಯ ಸೆಟ್ಟುಗಳನ್ನು ತರಿಸತೊಡಗಿದೆ. ತಗಡಿನ ಕೋಟೆ, ಪ್ಲಾಸ್ಟಿಕ್ಕಿನ ಹಸಿರು ಸಿಪಾಯಿಗಳು, ಫಿರಂಗಿ ಎಳೆಯುವ ಕುದುರೆಗಳು. ಅವುಗಳ ರಟ್ಟಿನ ಪೆಟ್ಟಿಗೆಗಳೂ ಮುಖ್ಯ, ಪೆಟ್ಟಿಗೆ ಇಲ್ಲದ ಸೆಟ್ಟನ್ನು ನಮ್ಮಂಥವರು ಅರ್ಧ ಸೆಟ್ಟು ಅನ್ನುತ್ತೇವೆ. ನಮ್ಮೂರಿನ ಥಂಡಿಗೆ ರಟ್ಟು ನಾಲ್ಕು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಹೊಸ ಚಪ್ಪಲಿಯ ಜೊತೆ ಬರುವ ತೇವ ಹೀರುವ ಪೊಟ್ಟಣಗಳನ್ನು ಪರಿಚಯದವರ ಮನೆಗಳಲ್ಲೆಲ್ಲ ಬೇಡಿ ತಂದು ಪೆಟ್ಟಿಗೆಗಳಲ್ಲಿ ಇಡುತ್ತಿದ್ದೆ. ಚಪ್ಪಲಿ ತೆಗೆದುಕೊಂಡವರು ತಾವಾಗಿಯೇ ಅಂಗಡಿಗೆ ತಂದುಕೊಡುವಷ್ಟು ಹೆಸರು ಮಾಡಿದೆ.

ಆದರೆ ಇಟ್ಟು ನೋಡಲು ಜಾಗ ಬೇಕಲ್ಲ. ಎರಡು ಕೋಣೆ, ಒಂದು ಹಾಲ್, ಒಂದು ಅಡುಗೆಮನೆಯ ಸಂಸಾರ ನಮ್ಮದು. ಜಾಗ ಸಿಕ್ಕಿದ್ದು ಹೆಂಡತಿಯ ಗೊಂಬೆ ಹಬ್ಬದಲ್ಲಿ.

ನಮ್ಮ ಕಡೆ ಗೊಂಬೆ ಕೂರಿಸುವ ಮನೆಗಳು ಕಡಿಮೆ. ಶೃಂಗೇರಿಯಲ್ಲಿರುವ ನನ್ನ ಅತ್ತೆಯ ತವರು ಮೈಸೂರಿನ ಕಡೆಯದು, ಹಾಗಾಗಿ ಅವರ ಮನೆಯಲ್ಲಿ ಆ ಪದ್ಧತಿ ಇತ್ತು. ಮದುವೆಯಲ್ಲಿ ಮಗಳಿಗೂ ಒಂದು ಜೋಡಿ ಪಟ್ಟದ ಗೊಂಬೆ ಕೊಟ್ಟಿದ್ದರು. ಮರದ ರಾಜ, ಮರದ ರಾಣಿ. ನವರಾತ್ರಿಗೆ ಅವಳು ಐದು ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹೊದಿಸಿ, ಮೇಲಿನ ಮೆಟ್ಟಿಲಲ್ಲಿ ಆ ಜೋಡಿಯನ್ನು ಕೂರಿಸುತ್ತಿದ್ದಳು. ಕೆಳಗಿನ ಮೆಟ್ಟಿಲುಗಳು ಹೆಚ್ಚುಕಮ್ಮಿ ಖಾಲಿ. ಒಂದು ವರ್ಷ ನಾನು ನನ್ನ ಕೆಂಪು ಕೋಟಿನವರನ್ನು ಅಲ್ಲಿ ಸಾಲಾಗಿ ನಿಲ್ಲಿಸಿದೆ. ರಾಜನಿಗೆ ಸೈನ್ಯ ಬೇಡವೇ ಎಂದು ತಮಾಷೆ ಬೇರೆ ಮಾಡಿದೆ.

ಆ ವರ್ಷ ಅತ್ತೆ ಬಂದಿದ್ದರು. ಆರತಿ ಆಯಿತು. ಆರತಿ ತಟ್ಟೆ ಕೆಳಗಿಟ್ಟು ಅವರು ನಗುತ್ತಲೇ ಹೇಳಿದರು, "ಅಳಿಯಂದಿರೇ, ಮೆಟ್ಟಿಲು ಹತ್ತಿ ಆರತಿ ತಗೊಂಡ ಮೇಲೆ ಅವೂ ಗೊಂಬೆನೇ. ಇನ್ನು ಪ್ರತಿ ವರ್ಷ ಕೂರ್ಸಬೇಕು, ಬಿಡೋ ಹಾಗಿಲ್ಲ. ವರ್ಷಕ್ಕೊಂದಾದ್ರೂ ಹೊಸದು ಸೇರ್ಬೇಕು."

ನನಗೆ ಆಗ ಸ್ವರ್ಗಕ್ಕೆ ಮೂರೇ ಗೇಣು. ವರ್ಷಕ್ಕೊಂದು ಹೊಸದು ಕೊಳ್ಳಲೇಬೇಕು ಎಂದು ಅತ್ತೆಯ ಬಾಯಲ್ಲೇ ಅಪ್ಪಣೆ ಸಿಕ್ಕಿದ ಅಳಿಯ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಹೆಂಡತಿ ನನ್ನ ಮುಖ ನೋಡಿ, "ಅಮ್ಮ, ಯಾರಿಗೆ ಎಂತ ಹೇಳ್ತಿದೀಯ ನೀನು" ಅಂದಳು.

ವರ್ಷಕ್ಕೆ ಒಂದು ಅಂದದ್ದು ನನ್ನ ಕೈಯಲ್ಲಿ ಒಂದು ಸೆಟ್ಟಾಯಿತು, ಸೆಟ್ಟಿಗೆ ತಕ್ಕ ಯುದ್ಧದ ಬಯಲೂ ಆಯಿತು. ಅಡಿಕೆ ಹಾಳೆಯನ್ನು ನೆನೆಸಿ ಬಗ್ಗಿಸಿ ಗುಡ್ಡ ಮಾಡಿದೆ. ಕಾಫಿ ಸಿಪ್ಪೆ ಹರಡಿ ಮಣ್ಣು, ಮರದ ಹೊಟ್ಟಿಗೆ ಬಣ್ಣ ಹಾಕಿ ಹುಲ್ಲು. ಒಂದು ವರ್ಷ ನಿಜವಾದ ಪಾಚಿ ತಂದು ಅಂಟಿಸಿದೆ, ಮೂರನೇ ದಿನ ಅದರೊಳಗಿಂದ ಜಿಗಣೆ ಎದ್ದು ಬಂದು ನೋಡಲು ಬಂದವರೊಬ್ಬರ ಕಾಲು ಹತ್ತಿತು. ಐದು ಮೆಟ್ಟಿಲು ಒಂಬತ್ತಾದವು. ಸೋಫಾ ಜಗಲಿಗೆ ಹೋಯಿತು, ಟಿ.ವಿ. ಕೋಣೆಗೆ ಹೋಯಿತು. ಕೊನೆಗೆ ಹಾಲಿನಲ್ಲಿ ಗೋಡೆಯಿಂದ ಗೋಡೆಗೆ ಯುದ್ಧಭೂಮಿ, ಅಡುಗೆಮನೆಗೆ ಹೋಗಲು ಒಬ್ಬರು ಮೈ ಓರೆ ಮಾಡಿ ನಡೆಯುವಷ್ಟು ದಾರಿ. ಆಯುಧಪೂಜೆಯ ದಿನ ಬಂದ ಒಬ್ಬ ಅಜ್ಜಿ, ಬಂದೂಕೂ ಆಯುಧವೇ ತಾನೆ ಎಂದು ಸಾಲಿನಲ್ಲಿದ್ದ ಎಲ್ಲರ ಬಂದೂಕಿಗೂ ಗಂಧ ಕುಂಕುಮ ಹಚ್ಚಿಬಿಟ್ಟರು. ನೂರು ವರ್ಷದ ಬಣ್ಣ ಕಿತ್ತುಬಂತು. ನಾನು ಹಲ್ಲು ಕಚ್ಚಿಕೊಂಡು ಅವರಿಗೆ ನಮಸ್ಕಾರ ಮಾಡಿದೆ.

ಊರಿಗೆ ಸುದ್ದಿ ಹಬ್ಬಿತು. ಮೇಗುಂದ, ಕಮ್ಮರಡಿ ಕಡೆಯಿಂದಲೂ ಜನ ಬರತೊಡಗಿದರು. ಬೇಸಿಗೆಯಲ್ಲೇ ಅಂಗಡಿಯ ಕೌಂಟರಿಗೆ ಮೊಣಕೈ ಊರಿ, "ಈ ಸಲ ಎಂತ ಹೊಸದು?" ಎಂದು ಕೇಳುವವರು. ಮೊದಮೊದಲು ಆ ಪ್ರಶ್ನೆಗೆ ಉಬ್ಬುತ್ತಿದ್ದೆ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಕೇಳಿದರೆ ತಲೆ ಎತ್ತದೆ ಕೈಗೆ ಸಿಕ್ಕ ಗಡಿಯಾರದ ಹಿಂಬದಿ ಬಿಚ್ಚತೊಡಗುತ್ತಿದ್ದೆ. ನಿಲ್ಲಿಸೋಣವೆಂದರೆ ಅತ್ತೆ ಹೇಳಿದ ಮಾತು ಇತ್ತು, ಊರಿನ ಬಾಯಿ ಇತ್ತು. ನಾನೇ ಕಟ್ಟಿದ ಕೋಟೆಯೊಳಗೆ ನನಗೇ ಉಸಿರು ಕಟ್ಟುತ್ತಿತ್ತು. ಹಾಗೆಂದು ಹೊರಗೆ ಬರುವ ಪ್ರಯತ್ನವನ್ನೂ ನಾನು ಮಾಡಲಿಲ್ಲ, ಮತ್ತೊಂದು ಸೆಟ್ಟಿಗೆ ಹೇಳಿ ಕಳಿಸುತ್ತಿದ್ದೆ.

ಹೆಂಡತಿಯ ಪಾಡು ಬೇರೆ. ಗೊಂಬೆ ನೋಡಲು ಬಂದ ಹೆಂಗಸರನ್ನು ಅರಿಶಿನ ಕುಂಕುಮ ಕೊಡದೆ ಕಳಿಸುವಂತಿಲ್ಲ. ಅದನ್ನು ಗಂಡಸು ಕೊಡುವಂತಿಲ್ಲ, ಮನೆಯ ಗೃಹಿಣಿಯೇ ಕೊಡಬೇಕು. ಸೈನಿಕರನ್ನು ನೂರು ಸಲ ಬೇಕಾದರೂ ನಾನು ತೋರಿಸಬಲ್ಲೆ, ಒಂದು ಚಿಟಿಕೆ ಕುಂಕುಮ ಕೊಡಲಾರೆ. ಹಾಗಾಗಿ ಹತ್ತು ದಿನವೂ ಬೆಳಗ್ಗಿನಿಂದ ದೀಪ ಹಚ್ಚುವವರೆಗೆ ಅವಳು ಆ ತಟ್ಟೆಯ ಪಕ್ಕ ಇರಬೇಕು. ಬಂದವರಿಗೆಲ್ಲ ಕೊಡಲು ಒಂದು ದಿನ ಕಡಲೆ ಉಸಲಿ, ಒಂದು ದಿನ ಕೋಸಂಬರಿ. ಪಕ್ಕದ ಮನೆಯವರನ್ನು ಒಂದು ದಿನದ ಮಟ್ಟಿಗೆ ಕೂರಿಸಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತೇನೋ. ನಾನು ಅವರನ್ನು ಕೇಳಲೇ ಇಲ್ಲ.

ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಎರಡು ವಾರ ಇರುವಾಗ ಅತ್ತೆಯ ಫೋನು ಬಂತು. ಶೃಂಗೇರಿಯಲ್ಲಿ ಅವರು ಮಗ ಸೊಸೆಯ ಜೊತೆಗಿದ್ದಾರೆ. ಸೊಸೆ ಶಾಲೆಯ ಟೀಚರು, ಗೊಂಬೆಯ ಪದ್ಧತಿ ಗೊತ್ತಿಲ್ಲದವರು. ಅತ್ತೆಯ ಕೈ ನಡುಗಲು ಶುರುವಾಗಿ ಒಂದು ವರ್ಷವಾಗಿತ್ತು. ಹೆಂಡತಿ ಕೈಯಲ್ಲಿ ಹಿಟ್ಟು ಹತ್ತಿದ್ದರಿಂದ ಸ್ಪೀಕರ್ ಹಾಕಿ ಮಾತಾಡುತ್ತಿದ್ದಳು, ನನಗೂ ಕೇಳಿಸಿತು.

"ರಾಣಿಗೆ ಸೀರೆ ಉಡ್ಸಕ್ಕೆ ಆಗ್ತಿಲ್ಲ ಕಣೆ, ನೆರಿಗೆ ನಿಲ್ಲಲ್ಲ ಕೈಯಲ್ಲಿ. ಈ ಒಂದು ಸಲ ನೀನೇ ಬಂದು ಕೂರ್ಸಿ ಕೊಡ್ತೀಯ? ನಮ್ಮಮ್ಮನ ಗೊಂಬೆ. ಮುಂದಿನ ವರ್ಷದ್ದು ಯಾರಿಗೆ ಗೊತ್ತು."

"ಬತ್ತೇನಮ್ಮ, ಪಾಡ್ಯದ ದಿನ ಬೆಳಿಗ್ಗೆನೇ ಬತ್ತೇನೆ," ಅಂದಳು ಹೆಂಡತಿ. ನನ್ನನ್ನು ಕೇಳಲಿಲ್ಲ. ಕೇಳುವ ವಿಷಯವೂ ಅದಾಗಿರಲಿಲ್ಲ.

ಆದರೆ ಅದೇ ವಾರ ನಾನು ಆರು ವರ್ಷದಿಂದ ಹುಡುಕುತ್ತಿದ್ದ ಕೋಟೆ ಬಂತು. ಪೆಟ್ಟಿಗೆ ಸಮೇತ, ಎತ್ತುವ ಸೇತುವೆ ಸಮೇತ, ಒಂದು ತುಂಡೂ ಕಡಿಮೆಯಾಗದ ಕೋಟೆ. ಪಾಡ್ಯದ ದಿನ ಅದನ್ನು ತೋರಿಸುತ್ತೇನೆ ಎಂದು ಊರಿಗೆಲ್ಲ ಹೇಳಿಯಾಗಿತ್ತು. ಮೊದಲ ದಿನವೇ ಮನೆಯಲ್ಲಿ ಹೆಂಗಸಿಲ್ಲದಿದ್ದರೆ ಹೇಗೆ? ಪಂಚಾಂಗ ತಿರುವಿ ಹಾಕಿದೆ, ಪರಿಚಯದ ಭಟ್ಟರೊಬ್ಬರನ್ನು ಕೇಳಿಕೊಂಡು ಬಂದೆ. ಕೆಲವು ಮನೆಗಳಲ್ಲಿ ಸರಸ್ವತಿಯನ್ನು ಕೂರಿಸುವ ಸಪ್ತಮಿಯ ದಿನ ಗೊಂಬೆಯನ್ನೂ ಕೂರಿಸುವುದುಂಟು ಅಂದರು ಅವರು. ಅಷ್ಟು ಸಾಕಾಯಿತು ನನಗೆ. ಶಾಸ್ತ್ರ ಎಂದರೆ ಮಾರು ದೂರ ನಿಲ್ಲುವ ನಾನು ಅವತ್ತು ದೊಡ್ಡ ಶಾಸ್ತ್ರಿಯ ಹಾಗೆ ಅತ್ತೆಗೆ ಫೋನು ಮಾಡಿ ವಿವರಿಸಿದೆ. ಅತ್ತೆ, "ಹಂಗೇ ಆಗ್ಲಿ ಬಿಡಿ, ನಿಮಗೂ ಜನ ಬರ್ತಾರಲ್ಲ" ಅಂದರು. ಹೆಂಡತಿ ಕ್ಯಾಲೆಂಡರಿನಲ್ಲಿ ಪಾಡ್ಯದ ಗುರುತು ಹೊಡೆದುಹಾಕಿ ಸಪ್ತಮಿಗೆ ಗುರುತು ಹಾಕಿದಳು.

ಸಪ್ತಮಿಯ ಬೆಳಿಗ್ಗೆ ಅವಳು ಎಂಟು ಗಂಟೆಯ ಬಸ್ಸಿಗೆ ತಯಾರಾಗಿದ್ದಳು. ಹಸಿರು ಸೀರೆ ಉಟ್ಟು, ರಾಣಿಗೆಂದು ಹೊಲಿದ ಪುಟ್ಟ ರೇಷ್ಮೆ ಸೀರೆಯನ್ನು ಬ್ಯಾಗಿನಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ನಾನು ಆಗ ಬಾಯಿ ಬಿಟ್ಟೆ. ಹಿಂದಿನ ದಿನ, ದಸರಾ ರಜೆಯಲ್ಲೂ ಶಿಬಿರ ನಡೆಸುತ್ತಿದ್ದ ಒಂದು ಶಾಲೆಯಿಂದ ಫೋನು ಬಂದಿತ್ತು, ಮಕ್ಕಳನ್ನೂ ಟೀಚರುಗಳನ್ನೂ ಸಪ್ತಮಿಗೆ ಕರೆತರುತ್ತೇವೆ ಎಂದು. ನಾನು ಹೂಂ ಅಂದಿದ್ದೆ. ಹೂಂ ಅಂದದ್ದನ್ನು ಅವಳಿಗೆ ಹೇಳಲು ಹಿಂದಿನ ದಿನವೆಲ್ಲ ಧೈರ್ಯ ಬಂದಿರಲಿಲ್ಲ.

"ಎಷ್ಟು ಹೊತ್ತಿಗೆ ಬರ್ತಾರಂತೆ?"

"ಹತ್ತು ಗಂಟೆಗೆ."

"ಎಷ್ಟು ಜನ?"

"ಒಂದು ಅರವತ್ತು ಇರಬಹುದು."

ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಬ್ಯಾಗನ್ನು ಗೂಟಕ್ಕೆ ಹಾಕಿ, "ನೆನೆ ಹಾಕಿರೋ ಕಡ್ಲೆ ಸಾಲಲ್ಲ. ಅವಲಕ್ಕಿ ತಗೊಂಡು ಬನ್ನಿ" ಅಂದಳು. ಹಾಲಿನ ಓರೆ ದಾರಿಯಲ್ಲಿ ಅಡುಗೆಮನೆಗೆ ನಡೆಯುವಾಗ ಹಸಿರು ಸೀರೆಯ ಸೆರಗು ತಗುಲಿ ಇಬ್ಬರು ಸಿಪಾಯಿಗಳು ಉರುಳಿದರು. ಅವಳು ಹಿಂದಿರುಗಿ ನೋಡಲಿಲ್ಲ. ನಾನು ಎತ್ತಿ ನಿಲ್ಲಿಸಿ ಅವಲಕ್ಕಿ ತರಲು ಹೋದೆ. ದಾರಿಯಲ್ಲಿ ಶೃಂಗೇರಿಯ ಬಸ್ಸು ನನ್ನ ಪಕ್ಕದಲ್ಲೇ ಹೋಯಿತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು, ಆದರೂ ಅವಲಕ್ಕಿ ತಂದೆ.

ಮರುದಿನ ದುರ್ಗಾಷ್ಟಮಿ. ಮಧ್ಯಾಹ್ನ ಹಾಲ್ ತುಂಬ ಜನ. ನಾನು ಬಿದಿರು ಕಡ್ಡಿ ಹಿಡಿದು, ಸೇತುವೆ ಹೇಗೆ ಏಳುತ್ತದೆ, ಶತ್ರುಗಳು ಯಾವ ಕಡೆಯಿಂದ ಬರುತ್ತಾರೆ ಎಂದೆಲ್ಲ ಹೇಳುತ್ತಿದ್ದೆ. ಬಾಗಿಲ ಹತ್ತಿರ ಯಾರೋ ವಯಸ್ಸಾದ ಹೆಂಗಸು ಹಿಂದೆಯೇ ನಿಂತಿದ್ದರು. "ಅಲ್ಲಿಂದ ಕಾಣಲ್ಲ, ಸ್ವಲ್ಪ ಮುಂದೆ ಬನ್ನಿ" ಎಂದು ಆ ಕಡೆ ಸರಿಯಾಗಿ ನೋಡದೆ ಕರೆದೆ. ಅವರು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ನೋಡಿದರೆ ಅತ್ತೆ. ಮಗನ ಕಾರಿನಲ್ಲಿ ಬಂದಿದ್ದರು. ಎದೆಗೆ ಒಂದು ಬಟ್ಟೆಯ ಚೀಲ ಒತ್ತಿಕೊಂಡಿದ್ದರು.

ಹೆಂಡತಿ ಅಡುಗೆಮನೆಯಿಂದ ಬಂದವಳು ತಾಯಿಯನ್ನು ನೋಡಿ ಹಾಗೇ ನಿಂತಳು. ಅತ್ತೆ ಚೀಲದಿಂದ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿದ ಎರಡು ಗಂಟು ತೆಗೆದು ಅವಳ ಕೈಗೆ ಕೊಟ್ಟರು. ಬಿಚ್ಚಿದರೆ ಅವರ ಪಟ್ಟದ ಗೊಂಬೆಗಳು. ರಾಣಿಯ ಮೈಮೇಲೆ ಸೀರೆ ಇರಲಿಲ್ಲ.

"ಅಲ್ಲಿ ಕೂರ್ಸೋರಿಲ್ಲ," ಅತ್ತೆ ನನ್ನ ಕಡೆ ತಿರುಗಿ ಹೇಳಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಇವೂ ಇಲ್ಲೇ ಇರ್ಲಿ ಅಳಿಯಂದಿರೇ. ನೋಡೋಕಾದ್ರೂ ಜನ ಇದ್ದಾರೆ." ಆಮೇಲೆ ನಿಜವಾದ ಆಸೆಯಿಂದಲೇ ಕೋಟೆಯ ಹತ್ತಿರ ಬಗ್ಗಿ, "ಎಲ್ಲಿ, ಆ ಸೇತುವೆ ಇನ್ನೊಂದು ಸಲ ಎತ್ತಿ" ಅಂದರು. ನಾನು ಎತ್ತಿದೆ.

ಹೆಂಡತಿ ಎರಡೂ ಗೊಂಬೆಗಳನ್ನು ಹಿಡಿದು ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡುತ್ತಿದ್ದಳು. ಒಂಬತ್ತು ಮೆಟ್ಟಿಲಲ್ಲಿ ಎರಡು ಗೊಂಬೆ ಕೂರುವಷ್ಟು ಜಾಗವಿರಲಿಲ್ಲ. ಮೇಲಿನ ಮೆಟ್ಟಿಲಲ್ಲೂ ಅವಳ ರಾಜ ರಾಣಿಯ ಎರಡೂ ಬದಿಗೆ ನಾನು ಸೀಸದ ಕುದುರೆ ಸವಾರರನ್ನು ಒತ್ತೊತ್ತಾಗಿ ನಿಲ್ಲಿಸಿದ್ದೆ. ಸ್ಟೂಲು ಹತ್ತಿ ಒಂದೊಂದೇ ಕುದುರೆ ಇಳಿಸಿದೆ. ಇಡಲು ಎಲ್ಲೂ ಜಾಗವಿಲ್ಲದೆ ಅಂಗಿಯ ಜೇಬಿಗೆ ಹಾಕಿಕೊಂಡೆ, ಜೇಬು ಜೋತುಬಿತ್ತು. ಬಂದ ಜನ ಇದೂ ಒಂದು ನೋಡುವ ವಿಷಯವೆಂಬಂತೆ ಸುಮ್ಮನೆ ನೋಡುತ್ತಿದ್ದರು.

ಜನ ಹೋದ ಮೇಲೆ ಅತ್ತೆ ಒಳಕೋಣೆಯಲ್ಲಿ ಮಲಗಿದರು. ಹೆಂಡತಿ ಗೂಟದಲ್ಲಿದ್ದ ಬ್ಯಾಗಿನಿಂದ ಪುಟ್ಟ ರೇಷ್ಮೆ ಸೀರೆ ತೆಗೆದು, ಸ್ಟೂಲಿನ ಮೇಲೆ ನಿಂತು, ಮೇಲಿನ ಮೆಟ್ಟಿಲಲ್ಲಿ ಕೂರಿಸಿದ್ದ ತಾಯಿಯ ರಾಣಿಗೆ ಉಡಿಸತೊಡಗಿದಳು. ನಾನು ಕೆಳಗೆ ಸ್ಟೂಲು ಅಲುಗದಂತೆ ಹಿಡಿದುಕೊಂಡಿದ್ದೆ. ಏನಾದರೂ ಹೇಳಲೇಬೇಕಿತ್ತು.

"ಮುಂದಿನ ವರ್ಷ ಪಾಡ್ಯಕ್ಕೇ ಹೋಗಿಬಿಡು. ನಾನು ಯಾರಿಗೂ ಬನ್ನಿ ಅನ್ನಲ್ಲ. ಅಲ್ಲೇ ಕೂರ್ಸು, ಹತ್ತೂ ದಿನ ಇದ್ದು ಬಾ."

ಅವಳು ನೆರಿಗೆ ಹಿಡಿದು, ರಾಣಿಯ ಸೊಂಟಕ್ಕೆ ಸಿಕ್ಕಿಸಿ, ಸೆರಗನ್ನು ಬೆರಳಲ್ಲಿ ತೀಡಿ ಸರಿ ಮಾಡಿದಳು.

"ಹೋಗಿ ಎಂತ ಕೂರ್ಸೋದು?" ಅಂದಳು. "ಗೊಂಬೆ ಇಲ್ಲಿಗೇ ಬಂತಲ್ಲ."

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಯಾರೋ ಹೆಂಗಸರು ಗೊಂಬೆ ನೋಡಲು ಬಂದಿದ್ದರು. ಅವಳು ಸ್ಟೂಲಿನಿಂದ ಇಳಿದು, ಕುಂಕುಮದ ತಟ್ಟೆ ಎತ್ತಿಕೊಂಡು, ಮೈ ಓರೆ ಮಾಡಿ ಬಾಗಿಲ ಕಡೆಗೆ ಹೋದಳು.