ಅಕ್ಟೋಬರಿನ ಸಂಡಿಗೆ

ಮೆಕ್ಕೆಜೋಳದ ಹಿಟ್ಟಿಗೆ ಜೀರಿಗೆ ಹಾಕಿ ಕುದಿಸುವಾಗ ಏಳುವ ಘಮಕ್ಕೆ ಇಂದಿಗೂ ನನ್ನ ಕೈಯ ಸೌಟು ನಿಂತುಬಿಡುತ್ತದೆ. ಜಾಂಬಿಯಾದಲ್ಲಿ ಅಜ್ಜಿ ಹಾಕುತ್ತಿದ್ದ ಸಂಡಿಗೆಯ ಘಮ ಅದು. ಅಪ್ಪ ಅಲ್ಲಿ ಡಾಕ್ಟರಾಗಿದ್ದರು. ನಾನು ಹುಟ್ಟಿದ್ದೂ ಅಲ್ಲೇ. ಸಮುದ್ರವೇ ಇಲ್ಲದ ದೇಶ. ಕೆಂಪು ಮಣ್ಣು, ಆಳೆತ್ತರದ ಹುತ್ತಗಳು, ಜೂನಿನಲ್ಲಿ ಒಣ ಚಳಿ, ಅಕ್ಟೋಬರಿನಲ್ಲಿ ಹಂಚಿನಂತೆ ಕಾಯುವ ನೆಲ, ಅದರ ಬೆನ್ನಿಗೇ ಮಳೆ. ಆ ಬಿಸಿಲನ್ನು ನಂಬಿ ಅಜ್ಜಿ ವರ್ಷದ ಸಂಡಿಗೆಯನ್ನೆಲ್ಲ ಅಕ್ಟೋಬರಿನಲ್ಲೇ ಹಾಕುತ್ತಿದ್ದಳು. ಪಕ್ಕದ ಮನೆಯ ಮೇರಿ, ಸೊಂಟಕ್ಕೆ ಬಣ್ಣದ ಚಿಟೆಂಗೆ ಬಟ್ಟೆ ಸುತ್ತಿಕೊಂಡು ಬಂದು ಎದುರಿಗೆ ಕೂರುತ್ತಿದ್ದಳು. ಅಜ್ಜಿಯದು ಧಾರವಾಡದ ಕನ್ನಡ, ಅವಳದು ಬೆಂಬಾ. ನಗುವುದು ಮಾತ್ರ ಇಬ್ಬರೂ ಒಂದೇ ಹೊತ್ತಿಗೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ನನಗೆ ಹತ್ತು ತುಂಬಿದ್ದಾಗ, ನ್ಯೂಜಿಲೆಂಡಿಗೆ ಬಂದೆವು. ಹ್ಯಾಮಿಲ್ಟನ್ ಊರಿನ ರೊಟೊಟೂನ ಬಡಾವಣೆಯಲ್ಲಿ ಬಾಡಿಗೆ ಮನೆ. ಅಪ್ಪ ಇಲ್ಲಿಯ ಡಾಕ್ಟರ್ ಪರೀಕ್ಷೆಗೆ ಬಾಗಿಲು ಹಾಕಿಕೊಂಡು ಓದುತ್ತಿದ್ದರು, ಅಮ್ಮ ಅಂಗಡಿ ಕೆಲಸಕ್ಕೆ ಹೋಗುತ್ತಿದ್ದಳು. ಅಜ್ಜಿಯ ದಿನವೆಲ್ಲ ಕಿಟಕಿ ಗಾಜಿನ ಹಿಂದೆ. "ಅಲ್ಲೆ ನಡಕೋಂತ ಹೊಂಟ್ರ ಇನ್ನೊಂದ್ ದೇಶ ಬರ್ತಿತ್ತು. ಇಲ್ಲೆ ಎತ್ತಾಗ ಹೋದ್ರೂ ನೀರ ಅಡ್ಡ," ಅನ್ನುತ್ತಿದ್ದಳು. ಪರೀಕ್ಷೆ ಮುಗಿದರೆ ತಿರುಗಿ ಹೋಗುತ್ತೇವೆ, ಅಲ್ಲಿಯ ಮನೆಯ ಬೀಗದಕೈ ಮೇರಿಯ ಹತ್ತಿರ ಇದೆ. ಇದೊಂದೇ ಅವಳಿಗೆ ಧೈರ್ಯ.

ಅಕ್ಟೋಬರ್ ಬಂತು. ಅಜ್ಜಿ ರೂಢಿಯಂತೆ ಹಿಟ್ಟು ಕುದಿಸಿ, ಹಿತ್ತಲಿನಲ್ಲಿ ಮರದ ಹಲಗೆ ಹಾಸಿದ ಡೆಕ್ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಳು. ಇಲ್ಲಿ ಅದು ಗಾಳಿ ಮಳೆಯ ತಿಂಗಳೆಂದು ನಮಗಾರಿಗೂ ಹೊಳೆಯಲಿಲ್ಲ. ಮಧ್ಯಾಹ್ನಕ್ಕೆ ಸೀರೆಯ ತುಂಬ ಗಂಜಿ.

"ಹೋಗ್ಲಿ ಬಿಡಜ್ಜಿ, ಓಣಿ ಮೂಲ್ಯಾಗಿನ ಡೇರಿ ಅಂಗಡ್ಯಾಗ ಚಿಪ್ಸ್ ಸಿಗ್ತಾವ," ಅಂದೆ.

"ನಿನ್ನ ಚಿಪ್ಸಿಗಿಷ್ಟ್ ಬೆಂಕಿ ಹಚ್ಚ! ಬರೋ ವರ್ಷ ಮೇರಿ ಕೂಡ ಕುಂತ ಹಾಕ್ತೇನಿ ತಗೋ."

ಅಪ್ಪ ಬಾಗಿಲಲ್ಲಿ ನಿಂತಿದ್ದರು. "ಅವ್ವಾ, ಆ ಮನಿ ಮಾರೀನಿ. ಹ್ವಾದ ತಿಂಗಳ."

ಅಜ್ಜಿ ಸೀರೆ ಹಿಂಡುವುದನ್ನು ನಿಲ್ಲಿಸಲಿಲ್ಲ. ಹಿಂಡುತ್ತಲೇ ಕೇಳಿದಳು: "ಮೇರಿಗೆ ಹೇಳೀಯೇನು?"

ಅಪ್ಪ ಇಲ್ಲವೆಂದು ತಲೆಯಾಡಿಸಿದರು.

"ಆಕಿ ದಿನಾ ಮುಂಜಾನೆ ನಮ್ಮ ಅಂಗಳಾ ಕಸಾ ಹೊಡೀತಿರ್ತಾಳೋ, ತಮ್ಮಾ."

ಆ ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಸಿದಳು. ನಾವೆಲ್ಲ ಆರಾಮ. ಹೊಸಬರು ಬಂದರೆ ಬೀಗದಕೈ ಕೊಡು. ಕೊನೆಗೆ, "ಇನ್ನ ಅಂಗಳಾ ಕಸಾ ಹೊಡೀಬ್ಯಾಡಾ ಅಂತ ಬರಿ," ಅಂದಳು. ಅದನ್ನು ಬರೆಯುವಷ್ಟು ಇಂಗ್ಲಿಷನ್ನು ದೇವರು ನನಗೆ ಕೊಟ್ಟಿದ್ದ. ಮುಂದೆ ಅಪ್ಪ ಪಾಸಾದರು, ಅದೂ ಅವನ ಕರುಣೆಯೇ. ಮೇರಿಯ ಉತ್ತರ ಮಾತ್ರ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಪೊರಕೆ ಹಿಡಿದು, ಧೂಳೇ ಇಲ್ಲದ ಆ ಒದ್ದೆ ಡೆಕ್ಕನ್ನು ಗುಡಿಸಿದಳು. ಕಾಲು ನಡೆಯುವವರೆಗೂ ದಿನಾ ಗುಡಿಸಿದಳು.