ಸೀರೆ ರೂಮಿನ ಗಿಳಿಗಳು

ಏಳು ತಿಂಗಳ ನನ್ನ ಹೊಟ್ಟೆ ಬೀದಿ ಕೊನೆಯವರಿಗೂ ಕಾಣುತ್ತಿತ್ತು. ಆದರೂ ನಮ್ಮ ಮನೆಯಲ್ಲಿ ಮಗು ಎಂಬ ಮಾತು ಎತ್ತುವ ಹಾಗಿರಲಿಲ್ಲ. "ಬಾಯಲ್ಲಿ ಆಡ್ಬೇಡ ಕಣಮ್ಮ, ಕೈಗೆ ಬಂದ್ಮೇಲೆ ಆಡೋಣ," ಎಂದು ಅತ್ತೆ ಗದರುವರು. ತೊಟ್ಟಿಲು ತರುವಂತಿಲ್ಲ, ಹೆಸರು ಯೋಚಿಸುವಂತಿಲ್ಲ, ಒಂದು ಕಾಲುಚೀಲ ಕೊಳ್ಳುವಂತಿಲ್ಲ. ಹುಟ್ಟಿದ ಮೇಲೂ ಮೊದಲು ತೊಡಿಸುವುದು ಹೊಸ ಬಟ್ಟೆ ಆಗಬಾರದು, ಇನ್ನೊಂದು ಮಗುವಿನ ಹಳೆಯದೇ ಆಗಬೇಕು. ದೊಡ್ಡಬಳ್ಳಾಪುರದ ನೇಕಾರರ ಮನೆ ನಮ್ಮದು. ಹಿತ್ತಲಿನ ಮಗ್ಗಗಳು ಬೆಳಗಿನಿಂದ ಸಂಜೆವರೆಗೆ ಊರಿಗೆಲ್ಲ ಹೊಸ ಸೀರೆ ನೇಯುತ್ತವೆ, ಮನೆಯ ಕೂಸಿಗೆ ಮಾತ್ರ ಹಳೇ ಬಟ್ಟೆ. ತಲೆ ಕೆಡದೆ ಇನ್ನೇನಾಗುತ್ತದೆ ಹೇಳಿ.

ಮೊದಲ ಸಲ ನಾನು ಇದನ್ನೆಲ್ಲ ಬಾಯಿಮುಚ್ಚಿಕೊಂಡು ಪಾಲಿಸಿದ್ದೆ. ಒಂದು ಟೋಪಿ ಕೂಡ ತಂದಿರಲಿಲ್ಲ. ಎಂಟನೇ ತಿಂಗಳಲ್ಲಿ ಹೆಣ್ಣುಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಿಂದ ಬಂದಾಗ ಮನೆ ಹೋದಾಗ ಹೇಗಿತ್ತೋ ಹಾಗೇ ಇತ್ತು. ಏನೂ ತಂದಿಟ್ಟಿರಲಿಲ್ಲವಲ್ಲ, ಒಳ್ಳೇದಾಯ್ತು ಬಿಡು ಎಂದರು ನೋಡಲು ಬಂದವರು. ಏನು ಒಳ್ಳೆಯದಾಯಿತೋ ನನಗಿನ್ನೂ ಗೊತ್ತಿಲ್ಲ. ಈ ಮನೆಗೆ ಒಂದು ಮಗು ಬರುವುದಿತ್ತು, ಅದಕ್ಕಾಗಿ ಯಾರೋ ಕಾದಿದ್ದರು ಎನ್ನಲು ಒಂದು ತುಂಡು ಬಟ್ಟೆಯೂ ನನ್ನ ಹತ್ತಿರ ಇರಲಿಲ್ಲ. ಆ ಸಂಕಟ ನನಗೆ ಮಗು ಹೋದ ಸಂಕಟದಷ್ಟೇ ಇತ್ತು. ಹಾಗಾಗಿ ಈ ಸಲ ಮುಂಚೆಯೇ ಒಂದು ಕೋಣೆ ಸಿದ್ಧವಾಗಬೇಕು ಎಂದು ಹಟ ಹಿಡಿದೆ. ಏನೇ ಆಗಲಿ, ಇದಕ್ಕೆ ಒಂದು ಜಾಗ ಇತ್ತು ಎಂದಾಗಬೇಕು.

ಕೋಣೆ ಹೇಗಿರಬೇಕೆಂದು ನನ್ನ ಮನಸ್ಸಿನಲ್ಲಿ ಪೂರ್ತಿ ತಯಾರಿತ್ತು. ಕಂಪ್ಯೂಟರಿನಲ್ಲಿ ಸೀರೆಗಳಿಗೆ ಅಂಚು, ಬುಟ್ಟಾ ಬರೆಯುವುದು ನನ್ನ ಕೆಲಸ. ಫೋನಿನಲ್ಲಿ ಕಾಣುವ ಮಕ್ಕಳ ಕೋಣೆಗಳ ಕರಡಿ, ಕಾಮನಬಿಲ್ಲು ನನಗೆ ಬೇಡವಾಗಿತ್ತು. ಬೀದಿ ಕಡೆಯ ಕೋಣೆಗೆ ಎಳೆ ಬಾಳೆಲೆಯ ಹಸಿರು, ಗೋಡೆಯ ಕೆಳಗಡೆ, ಮಲಗಿದ ಮಗುವಿನ ಕಣ್ಣಿಗೆ ಬೀಳುವಷ್ಟು ತಗ್ಗಿನಲ್ಲಿ, ಸೀರೆ ಅಂಚಿನ ಗಿಳಿಗಳ ಸಾಲು. ಇಷ್ಟೇ.

"ಇಷ್ಟೇ ಅಂತೆ," ಎಂದರು ಅತ್ತೆ. "ಗೋಡೆಗೆ ಒಂದು ಮೊಳೆ ಹೊಡಿಯಕ್ಕೂ ನಾನು ಬಿಡಲ್ಲ."

ನಾವಿಬ್ಬರೂ ದನಿ ಏರಿಸಿದ ಕೂಡಲೇ ನನ್ನ ಗಂಡ ಮಗ್ಗದ ಮನೆ ಸೇರಿಕೊಳ್ಳುವವರು. ಆ ಸದ್ದಿನಲ್ಲಿ ಯಾರು ಏನು ಕೂಗಿದರೂ ಕೇಳಿಸಲಿಲ್ಲ ಎನ್ನಬಹುದು. ಅವತ್ತು ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು, ಸಿಕ್ಕಿಬಿದ್ದರು. ತಲೆ ಕೆರೆದುಕೊಂಡು, "ಸೀರೆ ಇಡಕ್ಕೆ ರೂಮು ಮಾಡಿಸ್ತಿದ್ದೀವಿ ಅಂತ ಹೇಳಿದ್ರಾಯ್ತು. ಅಮ್ಮಂಗೂ ಸಮಾಧಾನ, ನಿಂಗೂ ರೂಮು," ಎಂದರು. ಅತ್ತೆ ತಕ್ಷಣ ಒಪ್ಪಿಕೊಂಡರು. ಸೀರೆ ಇಡುವ ಕೋಣೆಯ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ ಎಂಬುದು ಅವರ ಲೆಕ್ಕ. ನನ್ನ ಗಂಡನಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು ಎಂದು ನಾನೂ ಖುಷಿಪಟ್ಟೆ. ಅವತ್ತಿನಿಂದ ನಾವು ನಾವೇ ಇದ್ದಾಗಲೂ ಅದು ಸೀರೆ ರೂಮು.

ಅಷ್ಟರಲ್ಲಿ ಬಯಕೆ ಊಟಕ್ಕೆಂದು ನಾನು ಬೂದಿಗೆರೆಯ ತವರಿಗೆ ಹೋಗಬೇಕಾಯಿತು. ಪೇಂಟರಿಗೂ ಬಡಗಿಗೂ ಸೀರೆ ರೂಮು ಎಂದೇ ಹೇಳಿಯಾಗಿತ್ತು. ಪೇಂಟರಿಗೆ ಹಸಿರು ಬಣ್ಣದ ಫೋಟೋ ಕಳಿಸಿ, ನೆಮ್ಮದಿಯಾಗಿ ಒಬ್ಬಟ್ಟು ತಿಂದುಕೊಂಡಿದ್ದೆ. ವಾರ ಕಳೆದು ಬಂದು ಬಾಗಿಲು ತೆಗೆದರೆ ಕಣ್ಣು ಕುಕ್ಕಿತು. ನಾಲ್ಕೂ ಗೋಡೆ ಸುಣ್ಣದಂತೆ ಬಿಳಿ. ಸೂರಿನಲ್ಲಿ ಸಾಲು ಟ್ಯೂಬ್‌ಲೈಟು. ಒಂದು ಗೋಡೆ ತುಂಬ ಮರದ ರ್‍ಯಾಕು, ಅದರ ಎದುರಿಗೆ ಆಳೆತ್ತರದ ಕನ್ನಡಿ.

ಪೇಂಟರಿಗೆ ಫೋನ್ ಮಾಡಿದೆ. "ಅಕ್ಕ, ನೀವು ಕಳಿಸಿದ ಹಸಿರು ಹೊಡೆದ್ರೆ ಸೀರೆ ಬಣ್ಣ ಎಲ್ಲ ಸುಳ್ಳು ಕಾಣುತ್ತೆ. ಗಿರಾಕಿ ಮನೆಗೆ ತಗೊಂಡೋಗಿ ನೋಡಿ ಜಗಳಕ್ಕೆ ಬರ್ತಾರೆ. ನೇಕಾರರಾಗಿ ನಿಮಗೆ ಗೊತ್ತಿಲ್ವಾ," ಎಂದ. ಸೀರೆಗಾದರೆ ಅವನ ಮಾತು ನೂರಕ್ಕೆ ನೂರು ಸರಿ. ಬಡಗಿಯೂ ಹಾಗೇ, ಒಂದೊಂದು ಹಲಗೆಯನ್ನೂ ಮಡಿಸಿದ ಸೀರೆಯ ಅಳತೆಗೆ ಕೂರಿಸಿದ್ದ.

"ನೀವಾದ್ರೂ ತಡೀಬಾರ್ದಿತ್ತಾ ಅತ್ತೆ?"

"ಏನಂತ ತಡೀಲಿ? ಸೀರೆಗಲ್ಲಪ್ಪಾ, ಇಂಥದ್ದಕ್ಕೆ ಅಂತ ಬಾಯಿಬಿಟ್ಟು ಹೇಳಕ್ಕಾಗುತ್ತಾ?" ಎಂದರು. ಮುಖದಲ್ಲಿ ಒಂದಿಷ್ಟೂ ಬೇಸರವಿಲ್ಲ. ತಮ್ಮ ಹಳೇ ಟ್ರಂಕಿನ ಸಾಮಾನನ್ನೆಲ್ಲ ಆಗಲೇ ಕೆಳಗಿನ ಹಲಗೆಗೆ ಸಾಗಿಸಿ, ಯಾರು ನೋಡಿದರೂ ನಂಬುವ ಹಾಗೆ ಮೇಲಿನದರಲ್ಲಿ ಸೀರೆ ಜೋಡಿಸಿಟ್ಟಿದ್ದರು.

ನಂಬಿದರು ಕೂಡ. ಓಪನಿಂಗ್ ಯಾವಾಗ ಎಂದು ಅಕ್ಕಪಕ್ಕದವರು ಕೇಳಿದರು. ಆ ಭಾನುವಾರ, ನೇಕಾರರ ಮನೆಯಲ್ಲೇ ಸೀರೆ ಕೊಳ್ಳಲು ಬೆಂಗಳೂರಿನಿಂದ ಬಂದ ಇಬ್ಬರು ಹೆಂಗಸರು ದೀಪ ಕಂಡು ಸೀದಾ ಒಳಗೆ ಬಂದು ಕೂತರು. ಅತ್ತೆ ಒಂದು ಕ್ಷಣವೂ ತಡವರಿಸದೆ ಸೀರೆ ಬಿಡಿಸಿದರು. ನನ್ನ ಮಗುವಿನ ಕೋಣೆಯಲ್ಲಿ ನಿಂತು, ನನ್ನ ಮಗುವಿನ ಕನ್ನಡಿಯಲ್ಲಿ ಅವರು ಸೆರಗು ಹೊದ್ದು ನೋಡಿಕೊಂಡರು. ಹೋಗುವಾಗ ಒಬ್ಬಾಕೆ ನನ್ನ ಹೊಟ್ಟೆ ನೋಡಿ, "ಗಾಳಿ ಬೆಳಕು ಚೆನ್ನಾಗಿದೆ, ನಾಳೆ ಮಗೂಗೂ ಆಗುತ್ತೆ," ಎಂದರು. "ಇಲ್ಲ ಇಲ್ಲ, ಇದು ಸೀರೆಗೇ," ಎಂದುಬಿಟ್ಟರು ಅತ್ತೆ.

ನನ್ನ ಮೈಯೆಲ್ಲ ಉರಿದುಹೋಯಿತು. ಇನ್ನು ಯಾರನ್ನೂ ನೆಚ್ಚಿಕೊಂಡರೆ ಆಗುವುದಿಲ್ಲವೆಂದು ಮಾರನೇ ದಿನ ಹಸಿರು, ಕೆಂಪು ಡಬ್ಬಿ, ಕುಂಚ ತರಿಸಿಕೊಂಡು ನೆಲಕ್ಕೆ ಕೂತೆ. ಹೊಟ್ಟೆ ಅಡ್ಡ ಬರುತ್ತಿತ್ತು, ಗೋಡೆಗೆ ಕೈ ಎಟುಕುತ್ತಿರಲಿಲ್ಲ. ಒಂದು ಗಿಳಿ ಬರೆಯುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು. ಆದರೂ ಬಿಡಲಿಲ್ಲ. ಅತ್ತೆ ದಿನವೂ ಹೊಸ್ತಿಲವರೆಗೆ ಬಂದು ನಿಲ್ಲುವರು, ಒಳಗೆ ಬರರು. "ಏನದು?" ಎನ್ನುವರು. "ಸೀರೆ ಅಂಚು," ಎನ್ನುವೆ. ಒಂದು ದಿನ ಸುಮಾರು ಹೊತ್ತು ನೋಡಿ, "ಕೊಕ್ಕಿಗೆ ಕೆಂಪು ಕಮ್ಮಿ ಆಯ್ತು," ಎಂದು ಹೇಳಿ ಹೋದರು. ಒಂದು ಗೋಡೆಯ ಗಿಳಿಗಳು ಮುಗಿಯುವಷ್ಟರಲ್ಲಿ ಒಂಬತ್ತು ತಿಂಗಳು ತುಂಬಿ ನನಗೆ ನೋವು ಶುರುವಾಯಿತು.

ಹೆಣ್ಣುಮಗು. ಅತ್ತಿತು, ಜೋರಾಗಿಯೇ ಅತ್ತಿತು. ಆ ಅಳು ಕೇಳಿ ನಾನೂ ಅತ್ತುಬಿಟ್ಟೆ. ಆಸ್ಪತ್ರೆಯಲ್ಲಿ ಬರೀ ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದರು. ಮನೆಗೆ ಬಂದ ದಿನ ಅತ್ತೆ ಮಗುವಿಗೆ ನೀರು ಹಾಕಿ ಸೀರೆ ರೂಮಿಗೆ ಎತ್ತಿಕೊಂಡು ಬಂದರು. ಶಾಸ್ತ್ರಕ್ಕೆಂದು ಹೊಸಕೋಟೆಯ ನಾದಿನಿಯಿಂದ ಒಂದು ಹಳೇ ಅಂಗಿ ತರಿಸಿಟ್ಟಿದ್ದರು. ಅದು ಒಂದು ವರ್ಷದ ಮಗುವಿನದು. ತೊಡಿಸಿದರೆ ಕೂಸು ಒಳಗೇ ಕಾಣೆಯಾಯಿತು. ಅಳುವ ಮಗುವನ್ನು ಅವರು ಸಮಾಧಾನ ಮಾಡುತ್ತಿದ್ದಾಗ, ಸುತ್ತಲು ಏನಾದರೂ ಮೆತ್ತನೆಯದು ಸಿಗುತ್ತದೇನೋ ಎಂದು ನಾನು ಕೆಳಗಿನ ಹಲಗೆಯಲ್ಲಿ ಕೈಯಾಡಿಸಿದೆ. ಟ್ರಂಕಿನಿಂದ ಬಂದ ಸಾಮಾನಿನ ಹಿಂದೆ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ, ಅತ್ತೆಯ ಹಳೇ ಹತ್ತಿ ಸೀರೆಯಿಂದ ಹೊಲಿದ ಲಾಡಿ ಅಂಗಿಗಳು. ನನ್ನ ಅಂಗೈಯಷ್ಟಗಲ, ಕೈಹೊಲಿಗೆ.

"ಅದು ಬೇಡ, ಇಲ್ಲಿ ಕೊಡು," ಎಂದರು ಅತ್ತೆ.

"ಚೆನ್ನಾಗಿದೆಯಲ್ಲ. ಯಾವಾಗ ಹೊಲಿದ್ರಿ?"

ಅವರು ಮಗುವನ್ನೇ ನೋಡುತ್ತಿದ್ದರು. "ಹೋದ ಸಲ."

"ಏನೂ ಮಾಡ್ಬಾರ್ದು ಅಂತ ನೀವೇ ಅಲ್ವಾ ಹೇಳಿದ್ದು?"

"ನಿಂಗೆ ಹೇಳ್ದೆ ಕಣಮ್ಮ. ನನ್ನ ಕೈ ಸುಮ್ನೆ ಇರ್ಲಿಲ್ಲ. ನೀನು ಮಧ್ಯಾಹ್ನ ಮಲಗಿದಾಗ ಕೂತ್ಕೊಂಡು ಹೊಲಿದ್ಬಿಟ್ಟೆ. ಅದಕ್ಕೇ ಹಂಗಾಯ್ತು. ಈ ಸಲ ನಾನು ಸೂಜಿ ಮುಟ್ಟಿಲ್ಲ."

ನನಗೆ ಬಂದ ಸಿಟ್ಟು ಇಷ್ಟಲ್ಲ. ಮನೆಯಲ್ಲಿ ಏನೂ ಇರಲಿಲ್ಲವೆಂದು ನಾನು ಎರಡು ವರ್ಷ ಒಳಗೊಳಗೇ ಬೆಂದಿದ್ದೆ. ಇವರು ತಾವೇ ಮಗುವನ್ನು ಕೊಂದದ್ದು ಎಂದುಕೊಂಡು ಪಕ್ಕದ ಕೋಣೆಯಲ್ಲೇ ಮಲಗಿ ಏಳುತ್ತಿದ್ದರು. ಒಂದು ಮಾತು ಆಡಲು ಇವರಿಗೇನಾಗಿತ್ತು.

"ಡಾಕ್ಟ್ರು ಹೇಳಿದ್ದು ನೀವೂ ಕೇಳಿಸ್ಕೊಂಡಿದ್ರಿ ತಾನೆ? ಹೊಕ್ಕುಳಬಳ್ಳಿ ಕತ್ತಿಗೆ ಸುತ್ಕೊಂಡಿತ್ತು. ನಿಮ್ಮ ಸೂಜಿ ಏನು ಮಾಡುತ್ತೆ ಅತ್ತೆ?" ನಾನು ಕೂಗಿಯೇ ಕೇಳಿದೆ. ಗಂಟಿನಿಂದ ಒಂದು ಅಂಗಿ ತೆಗೆದು ಅವರ ತೊಡೆಯ ಮೇಲಿಟ್ಟೆ. "ಮೊದಲು ಇನ್ನೊಂದು ಮಗುವಿನ ಹಳೇ ಬಟ್ಟೆನೇ ಹಾಕ್ಬೇಕು ಅಂತೀರಲ್ಲ. ಇದನ್ನೇ ಹಾಕಿ. ಇದು ಇವಳ ಅಕ್ಕಂದು."

ಅತ್ತೆ ಅಂಗಿಯನ್ನು ಬಿಡಿಸಿ, ಲಾಡಿಯ ಹೊಲಿಗೆಯನ್ನು ಎಳೆದು ನೋಡಿದರು. ಆಮೇಲೆ ಮಗುವಿನ ಒಂದೊಂದೇ ಕೈಯನ್ನು ತೋಳಿನೊಳಗೆ ತೂರಿಸಿ ಲಾಡಿ ಕಟ್ಟಿದರು. ಅಳತೆ ಸರಿಯಾಗಿತ್ತು. ಮಗುವನ್ನು ಗಿಳಿಗಳ ಕಡೆ ತಿರುಗಿಸಿ ಮಲಗಿಸಿ, ಮೂಗು ಒರೆಸಿಕೊಂಡು, "ನಿಮ್ಮಕ್ಕಂದು ಕಣೇ ಇದು," ಎಂದರು. "ಗಲೀಜು ಮಾಡ್ಬೇಡ."